ಕೈ ಎಣಿಸದ ಅಧ್ಯಕ್ಷರು

೧೯೯೭ರ ಚಳಿಗಾಲ. ನಾವು ಧಾರವಾಡದಿಂದ ಕೆನಡಾಕ್ಕೆ ಬಂದು ಮೂರು ವರ್ಷವಾಗಿತ್ತು. ನನ್ನ ಯಜಮಾನರಿಗೆ ಓಕ್‌ವಿಲ್‌ನ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಮನೆ ಮಿಸ್ಸಿಸಾಗಾದ ಸ್ಟ್ರೀಟ್ಸ್‌ವಿಲ್ ಹತ್ತಿರ, ಒಂದಕ್ಕೊಂದು ಅಂಟಿಕೊಂಡ ಇಪ್ಪತ್ತೆರಡು ಮನೆಗಳ ಕೋ-ಆಪ್‌ನಲ್ಲಿ. ಅಲ್ಲಿ ವಾಸಿಸುವವರೇ ಸೇರಿ ಎಲ್ಲ ವ್ಯವಹಾರ ನೋಡಿಕೊಳ್ಳಬೇಕು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಿಸಬೇಕು ಅನ್ನುವುದೂ ಸದಸ್ಯರ ವೋಟಿನಿಂದಲೇ ಆಗಬೇಕು.

ನಮ್ಮ ಪಕ್ಕದ ಮನೆಯಲ್ಲಿ ಫರ್ನಾಂಡಾ ಎಂಬ ಪೋರ್ಚುಗೀಸ್ ಅಜ್ಜಿ ಒಬ್ಬರೇ ಇದ್ದರು. ವಯಸ್ಸು ಎಂಬತ್ತರ ಹತ್ತಿರ. ಆಗೀಗ ಮರೆವು. ಆ ಜನವರಿಯಲ್ಲಿ ಎರಡು ಸಲ ಸ್ಟವ್ ಮೇಲೆ ಪಾತ್ರೆ ಇಟ್ಟು ಮರೆತುಬಿಟ್ಟರು. ಮೊದಲನೇ ಸಲ ಬರೀ ಹೊಗೆ. ಎರಡನೇ ಸಲ ಕಿಟಕಿಯ ಪರದೆಗೆ ಬೆಂಕಿ ಹತ್ತಿ ಫೈರ್ ಇಂಜಿನ್ ಬಂತು. ಅವರ ಅಡುಗೆಮನೆಯ ಗೋಡೆಯ ಈಚೆ ಬದಿಯಲ್ಲೇ ನಮ್ಮ ಮೂರು ವರ್ಷದ ಮಗಳು ಮಧ್ಯಾಹ್ನ ಮಲಗುತ್ತಿದ್ದಳು. ಅವತ್ತು ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಚಪ್ಪಲಿಯೂ ಇಲ್ಲದೆ ಹಿಮದ ಮೇಲೆ ಓಡಿದ್ದೆ.

ಮರುದಿನವೇ ಅರ್ಜಿ ಬರೆದೆ. ಅಜ್ಜಿಯನ್ನು ಇಲ್ಲಿಂದ ಬಿಡಿಸಬೇಕು ಅಂತ. ಮನೆಮನೆಗೆ ಹೋಗಿ ಹದಿನಾಲ್ಕು ಮನೆಯವರ ಸಹಿ ಹಾಕಿಸಿದೆ.

ಯಜಮಾನರು ಅರ್ಜಿ ಓದಿ ಕೇಳಿದರು, "ನೀ ಬರದದ್ದು ಖರೇನ ಅದ. ಆದ್ರ ಆ ಮುದುಕಿ ಎಲ್ಲಿಗೆ ಹೋಗಬೇಕು?"

"ಅದು ನನಗ ಗೊತ್ತಿಲ್ರಿ. ನನ್ನ ಕೂಸಿಗೆ ಏನರ ಆದ್ರ ಯಾರು ಜವಾಬ್ದಾರಿ?" ಅಂದೆ.

ಆ ವರ್ಷ ನಮ್ಮ ಕೋ-ಆಪ್‌ಗೆ ನೋಯೆಲ್ ಎಂಬುವರು ಅಧ್ಯಕ್ಷರಾಗಿದ್ದರು. ಅರವತ್ತು ದಾಟಿದ ಮನುಷ್ಯ, ಸ್ಕೂಲ್ ಬಸ್ ಓಡಿಸುತ್ತಿದ್ದರು. ಅವರು ಕೆನಡಾದ ಪೂರ್ವ ಕರಾವಳಿಯ ಮೂಲನಿವಾಸಿಗಳಾದ ಮಿಕ್ಮಾ ಜನಾಂಗದವರು ಅಂತ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ, ತಿಳಿದುಕೊಳ್ಳಬೇಕು ಅಂತ ಅನ್ನಿಸಿಯೂ ಇರಲಿಲ್ಲ. ಮೆತ್ತಗೆ ಮಾತಾಡುವ ಸ್ವಭಾವ. ಇವರಿಂದ ಏನಾಗುತ್ತದೆ ಅಂತ ನಾನೇ ಒಂದೆರಡು ಸಲ ಅಂದಿದ್ದೆ.

ಶನಿವಾರ ಮಧ್ಯಾಹ್ನ ಎಲ್ಲರೂ ಮೀಟಿಂಗ್ ರೂಮಿಗೆ ಹೋದಾಗ ಕುರ್ಚಿಗಳೆಲ್ಲ ಸಾಲು ಬಿಟ್ಟು ದುಂಡಗೆ ನಿಂತಿದ್ದವು. ನಾನು ಅರ್ಜಿ ಹಿಡಿದು ಎದ್ದು ನಿಂತೆ. "ಹದಿನಾಲ್ಕು ಸಹಿ ಇದೆ, ಕೈ ಎತ್ತಿಸಿ ವೋಟಿಗೆ ಹಾಕಿ" ಅಂದೆ.

ನೋಯೆಲ್ ಅಂದರು, "ನಿಯಮದ ಪ್ರಕಾರ ವೋಟು ಕೇಳುವ ಹಕ್ಕು ನಿಮಗಿದೆ. ಈ ತಿಂಗಳ ಕೊನೆಯೊಳಗೆ ಖಂಡಿತ ಹಾಕೋಣ. ಅದಕ್ಕೆ ಮುಂಚೆ ಪ್ರತಿಯೊಬ್ಬರೂ ಮಾತಾಡಲಿ. ಒಬ್ಬರು ಮಾತು ಮುಗಿಸೋ ತನಕ ಇನ್ನೊಬ್ಬರು ನಡುವೆ ಬಾಯಿ ಹಾಕೋದು ಬೇಡ."

ಮೊದಲ ಶನಿವಾರ ಒಂಬತ್ತು ಜನ ಮಾತಾಡುವಷ್ಟರಲ್ಲಿ ಹೊತ್ತು ಮುಗಿಯಿತು. ಎರಡನೇ ಶನಿವಾರ ಇನ್ನೊಂದಷ್ಟು ಜನ. ನೋಯೆಲ್ ಕೈ ಕಟ್ಟಿಕೊಂಡು ಕೇಳುತ್ತಿದ್ದರೇ ಹೊರತು ತಮ್ಮ ಅಭಿಪ್ರಾಯ ಏನೆಂದು ಸುಳಿವು ಕೊಡಲಿಲ್ಲ. ನನಗೆ ರೇಗಿಹೋಯಿತು. ಮೀಟಿಂಗ್ ಮುಗಿದ ಮೇಲೆ ಅವರನ್ನು ಬಾಗಿಲಲ್ಲೇ ತಡೆದೆ.

"ನೀವು ಅಧ್ಯಕ್ಷರು. ಒಂದು ತೀರ್ಮಾನ ಹೇಳೋಕೆ ನಿಮಗೆ ಧೈರ್ಯ ಇಲ್ವಾ?"

ಅವರಿಗೆ ಸಿಟ್ಟು ಬರಲಿಲ್ಲ. "ನನ್ನ ಅಜ್ಜ ನಮ್ಮ ಊರಿನ ಸಗಮಾವ್ ಆಗಿದ್ದರು. ಅಂದರೆ ಮುಖ್ಯಸ್ಥ. ಆದರೆ ಅವರ ಮಾತನ್ನು ಕೇಳಲೇಬೇಕು ಅಂತ ಯಾರ ಮೇಲೂ ಬಲವಂತ ಇರಲಿಲ್ಲ. ಬಲವಂತ ಮಾಡಿದ್ದರೆ ಜನ ಗಂಟುಮೂಟೆ ಕಟ್ಟಿಕೊಂಡು ಇನ್ನೊಬ್ಬ ಸಗಮಾವ್ ಹತ್ತಿರ ಹೋಗಿಬಿಡ್ತಿದ್ದರು. ಅದಕ್ಕೇ ಅಜ್ಜ ಎಲ್ಲರ ಮಾತು ಕೇಳಿ, ಕೊನೆಗೆ ಮಾತಾಡ್ತಿದ್ದರು" ಅಂದರು. ನಾನು ಸಿಟ್ಟಿನಲ್ಲೇ ಮನೆಗೆ ಬಂದುಬಿಟ್ಟೆ.

ಮೂರನೇ ಶನಿವಾರ ಫರ್ನಾಂಡಾ ಅಜ್ಜಿಯ ಸರದಿ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಎದುರು ಮನೆಯ ಲೂಸಿಯಾ ಒಂದೊಂದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು.

"ನನಗೂ ಭಯ ಆಗಿದೆ. ಬೆಂಕಿ ಹತ್ತಿದ ದಿನದಿಂದ ನಾನು ಸ್ಟವ್ ಮುಟ್ಟಿಲ್ಲ. ಬ್ರೆಡ್ಡು, ತಣ್ಣನೆ ಹಾಲಿನಲ್ಲೇ ದಿನ ಕಳೀತಿದ್ದೇನೆ. ಗೋಡೆಯಾಚೆ ಆ ಪುಟ್ಟ ಮಗು ನಗೋದು ಕೇಳಿಸ್ತದೆ. ಅದಕ್ಕೆ ಏನಾದರೂ ಆಗಿದ್ದರೆ ನಾನು ಬದುಕಿರ್ತಿರಲಿಲ್ಲ. ಹೋಗು ಅಂದರೆ ಹೋಗ್ತೇನೆ. ಆದರೆ ಕಾಗದದಲ್ಲಿ ಬರೀಬೇಡಿ. ನನ್ನ ಮುಖ ನೋಡಿ ಹೇಳಿ."

ಅವರ ಪಕ್ಕದ ಕುರ್ಚಿಯೇ ನನ್ನದು. ಮುಂದಿನ ಸರದಿ ನನ್ನದೇ. ಹೊರಗೆ ಆ ಪರಿ ಚಳಿ. ಒಂದೇ ಗೋಡೆಯ ಆಚೆ ವಯಸ್ಸಾದ ಜೀವವೊಂದು ಮೂರು ವಾರದಿಂದ ಬಿಸಿ ತುತ್ತು ಕಂಡಿಲ್ಲ. ನಾನು ದಿನಾ ಬಿಸಿ ರೊಟ್ಟಿ ಬಡಿದು ಉಣ್ಣುತ್ತಿದ್ದೆ, ಕೈಯಲ್ಲಿ ಸಹಿಯ ಕಾಗದ ಹಿಡಿದುಕೊಂಡು ಓಡಾಡುತ್ತಿದ್ದೆ. ತಲೆ ಅಲ್ಲಾಡಿಸಿ, ಮುಂದಿನವರು ಮಾತಾಡಲಿ ಅಂತ ಸನ್ನೆ ಮಾಡಿದೆ.

ಆಮೇಲೆ ಮಾತಿನ ದಾರಿಯೇ ಬದಲಾಯಿತು. ವೈರಿಂಗ್ ಕೆಲಸ ಗೊತ್ತಿದ್ದ ಒಬ್ಬರು, ಸ್ಟವ್‌ನ ಕನೆಕ್ಷನ್ ತೆಗೆದು, ತಾನೇ ಆಫ್ ಆಗುವ ಕೆಟಲ್ ಇಡೋಣ ಅಂದರು. ದಿನಕ್ಕೊಂದು ಮನೆಯಿಂದ ಬಿಸಿ ಊಟ ಕೊಡೋಣ ಅಂತ ಲೂಸಿಯಾ ಅಂದರು. ಗಾರ್ಡನ್ ಎಂಬುವರು ಮಾತ್ರ ಒಪ್ಪಲಿಲ್ಲ. "ಈಗ ಎಲ್ಲರಿಗೂ ಹುಮ್ಮಸ್ಸು. ಎರಡು ತಿಂಗಳಾದ ಮೇಲೆ ಬೇಸರ ಬಂದರೆ?" ಅಂದರು. ಒಬ್ಬರೇ ತಾನೇ ಅಂತ ಗಾರ್ಡನ್ ಅವರನ್ನು ಬಿಟ್ಟು ನೋಯೆಲ್ ಮುಂದೆ ಹೋಗಲಿಲ್ಲ. "ಒಳ್ಳೆ ಪ್ರಶ್ನೆ. ಏನು ಮಾಡಬೇಕು ಅಂತ ನೀವೇ ಹೇಳಿ" ಅಂದರು. ಕೊನೆಗೆ ತಿಂಗಳಿಗೊಮ್ಮೆ ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡುವ ಕೆಲಸವನ್ನು ಗಾರ್ಡನ್ ಅವರೇ ಒಪ್ಪಿಕೊಂಡರು.

ಆಮೇಲೆ ನೋಯೆಲ್ ನನ್ನ ಕಡೆ ತಿರುಗಿದರು. "ಆ ಗೋಡೆ ನಿಮ್ಮದು, ಮಗು ನಿಮ್ಮದು. ನಿಮಗೆ ಸಮಾಧಾನ ಆಗದಿದ್ದರೆ ಮುಂದಿನ ಶನಿವಾರ ಮತ್ತೆ ಕೂರೋಣ."

ಉಳಿದ ಇಪ್ಪತ್ತೊಂದು ಮನೆಯವರು ನನ್ನ ಒಂದು ಮಾತಿಗಾಗಿ ಕಾಯುತ್ತಿದ್ದರು. ನಾನು ಎದ್ದು ಅಜ್ಜಿಯ ಮುಖ ನೋಡಿ, "ಸೋಮವಾರದ ಊಟ ನನ್ನದು" ಅಂದೆ. ಅರ್ಜಿಯನ್ನು ಹರಿಯಲು ಹೋದೆ. ನೋಯೆಲ್ ಕೈ ಚಾಚಿ ಅದನ್ನು ಇಸಿದುಕೊಂಡರು.

"ಹರೀಬೇಡಿ. ನಿಮ್ಮ ಭಯ ಸುಳ್ಳಾಗಿರಲಿಲ್ಲ. ಅದೂ ಫೈಲಿನಲ್ಲಿ ಇರಲಿ."

ಎಲ್ಲರದೂ ಮುಗಿದ ಮೇಲೆ ಅವರು ತಮ್ಮ ಮಾತು ಹೇಳಿದರು. ಅದೂ ಇಷ್ಟೇ: "ಶನಿವಾರ, ಭಾನುವಾರ ಯಾರಿಗೂ ಬೇಡವಾದ ದಿನಗಳು. ಅವೆರಡೂ ನನಗಿರಲಿ."

ಮುಂದೆ ನಾನು ಅವರ ಮನೆಗೆ ಹೋಗಿ ಬರುವಷ್ಟು ಪರಿಚಯ ಬೆಳೆಯಿತು. ಹೋದಾಗೆಲ್ಲ ಅವರ ಜನರ ಬಗ್ಗೆ ಕೇಳುತ್ತಿದ್ದೆ. ಅವರ ನಾಡಿನಲ್ಲಿ ಏಳು ಸೀಮೆ. ಎಲ್ಲ ಸೀಮೆಗಳ ಹಿರಿಯರು ಕೂಡುವ ಮಹಾಸಭೆಗೆ ಸಾಂತೆ ಮಾವಿಯೋಮಿ ಅಂತ ಹೆಸರು. ಯಾವ ಕುಟುಂಬ ಎಲ್ಲಿ ಬೇಟೆಯಾಡಬೇಕು ಅನ್ನುವುದನ್ನು ಜಗಳವಿಲ್ಲದೆ ಹಂಚಿಕೊಡುವುದು ಸಗಮಾವ್‌ನ ಕೆಲಸ. ಹಳೆಯ ಒಪ್ಪಂದಗಳನ್ನು ಚಿಪ್ಪಿನ ಮಣಿಗಳ ಪಟ್ಟಿಯಲ್ಲಿ ನೇಯ್ದಿಟ್ಟು, ಅದನ್ನು ನೋಡಿ ಸಭೆಗೆ ಓದಿ ಹೇಳುವುದಕ್ಕೇ ಒಬ್ಬ ಹಿರಿಯ ಇರುತ್ತಿದ್ದನಂತೆ. ಆಮೇಲೆ ಸರ್ಕಾರ ತನ್ನ ಕಾನೂನು ತಂದು, ಚುನಾವಣೆಯಿಂದ ಮುಖ್ಯಸ್ಥರನ್ನು ಆರಿಸುವಂತೆ ಮಾಡಿತು. ಆದರೂ ಮಹಾಸಭೆ ನಿಲ್ಲಲಿಲ್ಲ, ಇವತ್ತಿಗೂ ಕೂಡುತ್ತದೆ ಅಂತ ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು.

"ಸಗಮಾವ್ ಅಂದರೆ ಶ್ರೀಮಂತರಾಗಿದ್ದರಾ?" ಅಂತ ಒಮ್ಮೆ ಕೇಳಿದೆ. ಅವರು ನಕ್ಕರು. "ಬಂದದ್ದನ್ನೆಲ್ಲ ಕೊಟ್ಟುಬಿಡ್ತಿದ್ದರು. ನನ್ನ ಅಜ್ಜನ ಕೋಟು ಇಡೀ ಊರಿನಲ್ಲೇ ಹಳೇದು." ಅವರ ಕಿಟಕಿಯ ಕಡೆ ನೋಡಿದೆ. ಆ ವರ್ಷ ಎಲ್ಲ ಮನೆಗಳಿಗೂ ಹೊಸ ಕಿಟಕಿ ಹಾಕಿಸಿದ್ದರು. ಅಧ್ಯಕ್ಷರ ಮನೆಗೆ ಮಾತ್ರ ಇನ್ನೂ ಆಗಿರಲಿಲ್ಲ. ಪಟ್ಟಿಯಲ್ಲಿ ಕೊನೆಯ ಹೆಸರು ಅವರದೇ.

ಫರ್ನಾಂಡಾ ಅಜ್ಜಿ ಇನ್ನೂ ಐದು ವರ್ಷ ಆ ಮನೆಯಲ್ಲೇ ಇದ್ದರು. ನಮ್ಮ ಅನ್ನ, ತವ್ವೆ ಅವರಿಗೆ ಒಗ್ಗಿಹೋಯಿತು. ಮಗಳು ಅವರನ್ನು 'ಗೋಡೆ ಅಜ್ಜಿ' ಅನ್ನುತ್ತಿದ್ದಳು. ೨೦೦೪ರಲ್ಲಿ ನೋಯೆಲ್ ತಮ್ಮ ಊರಿಗೆ, ಕೇಪ್ ಬ್ರೆಟನ್‌ಗೆ ವಾಪಸ್ಸು ಹೋದರು.

ಮರುವರ್ಷ ನಮ್ಮ ಕನ್ನಡದವರ ಒಂದು ಚಿಕ್ಕ ಬಳಗಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದರು. ಮೊದಲ ಸಭೆಯಲ್ಲೇ ಜೋರು ವಾದ ಎದ್ದಿತು. ಬೆಳಗಾವಿಯ ಒಬ್ಬ ಹಿರಿಯರು ಏನೋ ಹೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ ಅವರ ಮಾತು ಕತ್ತರಿಸಿಬಿಟ್ಟೆ. ತಕ್ಷಣ ನಾಚಿಕೆಯಾಯಿತು. "ತಪ್ಪಾತ್ರಿ ಕಾಕಾ. ನೀವು ಹೇಳ್ರಿ, ನಾ ಕೇಳ್ತೀನಿ" ಅಂದೆ. ಅವರು ಮುಗಿಸುವ ತನಕ ಹತ್ತು ನಿಮಿಷ ತುಟಿ ಬಿಗಿಹಿಡಿದು ಕೂತೆ. ಆ ಹತ್ತು ನಿಮಿಷದಲ್ಲಿ ನನಗೆ ಬೆವರು ಬಂತು. ಮೂರು ಶನಿವಾರ ಹಾಗೆ ಕೂತು ಕೇಳಿದ ಆ ಮನುಷ್ಯನ ಶಕ್ತಿ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾದದ್ದು ಅವತ್ತು.