ಇಥೆಲ್ ಗೆದ್ದು ಸಿಕ್ಕಿಬಿದ್ದ ವಾದ

ವಾದದಲ್ಲಿ ಸೋತು ಮುಖ ಮುಚ್ಚಿಕೊಂಡವರು ನಮ್ಮ ಕಣಿವೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಗೆದ್ದು ಕೆಟ್ಟವನು ಇಥೆಲ್ ಒಬ್ಬನೇ.

ಮುದಿ ರಾಣಿ ಇನ್ನೂ ಬದುಕಿದ್ದ ಕಾಲ ಅದು. ವೇಲ್ಸಿನ ಈ ಬೆಟ್ಟಗಳಲ್ಲಿ ಗಂಡಸಾಗಿ ಹುಟ್ಟಿದವನು ಸ್ಲೇಟುಗಣಿ ಬಿಟ್ಟು ಬೇರೆಲ್ಲಿ ಹೋದಾನು? ಇಥೆಲ್ ಕಲ್ಲು ಸೀಳುವವನು. ಕಲ್ಲನ್ನು ತೊಡೆಗೆ ಆನಿಸಿಕೊಂಡು, ಅಗಲವಾದ ಉಳಿಯಿಟ್ಟು ಮೆಲ್ಲಗೆ ತಟ್ಟಿದನೆಂದರೆ ಅದು ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅಪ್ಪ ಬೇಗ ತೀರಿಹೋದದ್ದರಿಂದ ಶಾಲೆಯ ಮುಖ ಕಂಡವನಲ್ಲ. ಅಕ್ಷರ ಕಲಿತದ್ದು ಊರಿನ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಭಾನುವಾರದ ತರಗತಿಯಲ್ಲಿ. ನಮ್ಮಲ್ಲಿ ಆ ತರಗತಿ ಬರೀ ಮಕ್ಕಳದ್ದಲ್ಲ, ಗಡ್ಡ ನೆರೆತವರೂ ಬೈಬಲ್ ಹಿಡಿದು ಕೂತು ಒಂದೊಂದು ವಚನಕ್ಕೂ ಜಗಳವಾಡುತ್ತಾರೆ. ನಲವತ್ತು ದಾಟುವ ಹೊತ್ತಿಗೆ ದೊಡ್ಡವರ ತರಗತಿಗೆ ಇಥೆಲನೇ ಗುರು. ಅದೇ ಅವನ ಆಸ್ತಿ, ಅದೇ ಅವನ ಜಂಬ. ಜಂಬ ಇತ್ತಪ್ಪ, ಇಲ್ಲ ಅಂತ ಯಾಕೆ ಹೇಳಲಿ!

ಗಣಿಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವ ಕಲ್ಲಿನ ಗುಡಿಸಲಿಗೆ ಕಬಾನ್ ಅನ್ನುತ್ತೇವೆ. ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತದೆ, ಬೆಂಚಿನ ತುದಿಯಲ್ಲಿ ಅಧ್ಯಕ್ಷ ಕೂತಿರುತ್ತಾನೆ. ಅಲ್ಲಿ ಕಾಡುಹರಟೆ ನಡೆಯದು. ವಿಷಯ ಇಡಬೇಕು, ವಾದ ಹೂಡಬೇಕು, ಕೊನೆಗೆ ಕೈ ಎತ್ತಿ ತೀರ್ಪು ಕೊಡಬೇಕು. ಯಾರು ಯಾವ ಪಕ್ಷ ಎನ್ನುವುದನ್ನು ಟೋಪಿಯೊಳಗಿನ ಕಲ್ಲುಚೂರು ಹೇಳುತ್ತದೆ. ಬಿಳಿಗೆರೆ ಎಳೆದ ಚೂರು ಕೈಗೆ ಬಂದವನು ಮಾತನ್ನು ಅಲ್ಲಗಳೆಯಬೇಕು. ಕೈಗೆ ಬಂದ ಪಕ್ಷ ಮನಸ್ಸಿಗೆ ಒಪ್ಪಿಗೆಯೋ ಅಲ್ಲವೋ, ಅದಕ್ಕಾಗಿ ಪ್ರಾಣ ಒತ್ತೆಯಿಟ್ಟು ವಾದಿಸಬೇಕು. ಅರೆಮನಸ್ಸಿನ ವಾದ ಮಾಡಿದವನ ಕಡೆಗೆ ವಾರಗಟ್ಟಲೆ ಯಾರೂ ಚಹಾದ ಕೆಟಲ್ ಸರಿಸುತ್ತಿರಲಿಲ್ಲ.

ಆ ದಿನದ ವಿಷಯ ಪ್ರಾರ್ಥನೆ. ಎಲ್ಲವನ್ನೂ ಮೊದಲೇ ಬಲ್ಲ ದೇವರ ಹತ್ತಿರ ಬೇಡಿಕೊಂಡು ಪ್ರಯೋಜನವುಂಟೆ? ಬಿಳಿಗೆರೆಯ ಚೂರು, ಅಂದರೆ ಪ್ರಯೋಜನವಿಲ್ಲ ಅನ್ನುವ ಪಕ್ಷ, ಇಥೆಲನ ಕೈಗೆ ಬಂತು. ಗುರುಗಳಿಗೆ ಸೈತಾನನ ವಕಾಲತ್ತು ಅಂತ ಎಲ್ಲರೂ ನಕ್ಕರು. ಎದುರಾಳಿ ಮೈರಿಗ್ ಎಂಬ ಬಂಡೆ ಒಡೆಯುವವನು, ಒಳ್ಳೆಯ ಮಾತುಗಾರ. ಅವನು ವಚನದ ಮೇಲೆ ವಚನ ಪೇರಿಸಿ ಗೆದ್ದೇಬಿಟ್ಟ ಅನ್ನುವಾಗ ಇಥೆಲ್ ಚಹಾ ಕೆಳಗಿಟ್ಟ.

“ತಾಯಿ ಬೇಡ್ಕೊಂಡ್ಲು ಅಂತ ದೇವ್ರು ಒಂದು ಕೂಸನ್ನ ಉಳಿಸ್ದ ಅನ್ನು ಮೈರಿಗ್. ಪಕ್ಕದ ಮನೆ ಕೂಸಿಗೆ ಬೇಡ್ಕೊಳ್ಳೋರೇ ಇಲ್ಲ. ಅದನ್ನ ಕೈ ಬಿಟ್ನಾ? ಬಿಟ್ಟ ಅಂದ್ರೆ ಅವನೆಂಥಾ ಒಳ್ಳೆಯವನು? ಬಿಡಲ್ಲ, ಅದನ್ನೂ ಉಳಿಸ್ತಾನೆ ಅಂದ್ರೆ, ಆ ಮೊದಲ್ನೇ ತಾಯಿ ಬೇಡಿದ್ದು ಯಾತಕ್ಕೆ?”

ಅಧ್ಯಕ್ಷ ತೀರ್ಪು ಕೇಳಿದ. ಕೈಗಳೆಲ್ಲ ಇಥೆಲನ ಕಡೆಗೆ ಎದ್ದವು.

ಮನೆಯ ದಾರಿಯಲ್ಲಿ, ಯಾವಾಗಲೂ ಮಾಡುವಂತೆ, ಇಥೆಲ್ ತನ್ನ ವಾದವನ್ನು ತಾನೇ ಮುರಿಯಲು ಹೊರಟ. ಬೇರೆ ದಿನ ಚರ್ಚೆ ಮುಗಿಯುವ ಮೊದಲೇ ಉತ್ತರ ಹೊಳೆದಿರುತ್ತಿತ್ತು. ಆ ದಿನ ಇಳಿಜಾರು ಮುಗಿದು ಮನೆ ಬಂದರೂ ಹೊಳೆಯಲಿಲ್ಲ. ಅದು ಅವನಿಗೆ ನುಂಗಲಾರದ ತುತ್ತಾಯಿತು.

ಇತ್ತ ಮೈರಿಗ್ ಮನೆಗೆ ಹೋಗಿ ನಡೆದದ್ದನ್ನೆಲ್ಲ ಉಪ್ಪುಖಾರ ಹಚ್ಚಿ ಮಾವನಿಗೆ ಒಪ್ಪಿಸಿದ. ಮಾವ ಎಂದರೆ ಕ್ಯಾಡ್ವಲ್, ಚಾಪೆಲ್ಲಿನ ಹಿರಿಯ, ಬೋಧನೆಯ ಪೀಠದ ಕೆಳಗಿನ ದೊಡ್ಡ ಬೆಂಚಿನಲ್ಲಿ ಕೂರುವವನು. ಆ ಮುಖದಲ್ಲಿ ನಗು ಕಂಡವರು ಯಾರೂ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಊರಲ್ಲಿ ಕಡಿಮೆಯೇ? ಇಥೆಲ್ ಪ್ರಾರ್ಥನೆ ಬಿಟ್ಟನಂತೆ ಅಂತ ಸುದ್ದಿ ಹಬ್ಬಿತು. ವಾರದ ನಡುವೆ ಚಾಪೆಲ್ಲಿನ ಸದಸ್ಯರಷ್ಟೇ ಸೇರುವ ಕೂಟದಲ್ಲಿ ವಿಚಾರಣೆ ಆಗಬೇಕೆಂದು ಕ್ಯಾಡ್ವಲ್ ಹಠ ಹಿಡಿದ. ಅಲ್ಲಿ ಹೆಸರು ಹೊಡೆದುಹಾಕಿದರೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸದ ಪಂಕ್ತಿಯಿಲ್ಲ, ತರಗತಿಯಿಲ್ಲ. ಹೊರಹಾಕಿಸಿಕೊಂಡವನಿಗೆ ನಮ್ಮ ಕಣಿವೆಯಲ್ಲಿ ಜನ ಬೇಲಿ ನೋಡಿಕೊಂಡು ನಮಸ್ಕಾರ ಹೇಳುತ್ತಾರೆ.

ಅದೊಂದು ಆಟ, ಟೋಪಿಯಲ್ಲಿ ಬಂದ ಪಕ್ಷ, ಅಷ್ಟು ಹೇಳಿ ಕೂತುಬಿಡಿ ಅಂತ ಹಿತೈಷಿಗಳೆಲ್ಲ ಬುದ್ಧಿ ಹೇಳಿದರು. ಹೆಂಡತಿ ಲೌರಿ ಮಾತ್ರ ಅವನ ಭಾನುವಾರದ ಕೋಟಿಗೆ ಬ್ರಷ್ ಹಾಕಿದಳು.

ಕೂಟದಲ್ಲಿ ಚಾಪೆಲ್ಲಿನ ಪಾದ್ರಿಯಾದ ಸಭಾಪಾಲಕರೇ ಅವನಿಗೆ ದಾರಿ ಬಿಟ್ಟುಕೊಟ್ಟರು. ಚರ್ಚೆಗಾಗಿ ಆಡಿದ್ದು ತಾನೆ, ಉತ್ತರ ನಿನ್ನಲ್ಲಿ ಇದ್ದೇ ಇರುತ್ತದಲ್ಲ ಅಂದರು. ಒಂದು ‘ಹೌದು’ ಸಾಕಿತ್ತು.

ಇಥೆಲ್ ಎದ್ದು ನಿಂತ. “ಚರ್ಚೆಗೆ ಆಡಿದ್ದು ನಿಜ, ಅಯ್ಯನವರೇ. ಉತ್ತರ ಮಾತ್ರ ಇಲ್ಲ. ಹುಡುಕ್ದೆ, ಸಿಕ್ಕಿಲ್ಲ. ಇದೆ ಅಂತ ಸುಳ್ಳು ಹೇಳಿ ಆ ತರಗತೀಲಿ ಕೂರೋಕೆ ನನ್ನಿಂದಾಗಲ್ಲ. ಹಾಗಂತ ನಾನಾಗೇ ಎಲ್ಲೂ ಹೋಗೋದೂ ಇಲ್ಲ. ನೀವು ಆಚೆ ಹಾಕಿದ್ರೆ ಹೊಸ್ತಿಲ ಹತ್ರ ಕೂತ್ಕೊಂಡು ಹುಡುಕ್ತೀನಿ. ಪ್ರಶ್ನೆ ಕೇಳಿದ್ರೆ ಓಡಿಹೋಗೋ ದೇವ್ರನ್ನ ನಾನು ನಂಬಿಲ್ಲ.”

ಆಗ ಹೆಂಗಸರ ಸಾಲಿನಿಂದ ಲೌರಿ ಎದ್ದಳು. ಆ ಕೂಟದಲ್ಲಿ ಹೆಂಗಸರೂ ಮಾತಾಡಬಹುದು, ಆದರೆ ಅವಳು ಅದುವರೆಗೆ ಆಡಿದವಳಲ್ಲ.

“ಮದುವೆ ಆದಾಗಿಂದ ನಮ್ಮನೆಯೋರ ಊಟದ ಪ್ರಾರ್ಥನೆ ಕೇಳ್ತಾ ಬಂದಿದೀನಿ. ನಾಯಿ ಕರೆದ ಹಾಗೆ ಗಡಗಡ ಅಂದು ಮುಗಿಸೋರು. ಆ ವಾದ ಗೆದ್ದು ಬಂದ ಸಾಯಂಕಾಲ ಬಾಯಿ ತೆಗೆದೋರು ನಿಲ್ಲಿಸಿಬಿಟ್ರು. ಆಮೇಲೆ ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದ್ರು. ಆಲೂಗಡ್ಡೆ ತಣ್ಣಗಾಯ್ತು, ಆಗ್ಲಿ ಅಂತ ಬಿಟ್ಟೆ. ಇವರು ದೇವರ ಹತ್ರ ಮಾತಾಡಿದ್ದನ್ನ ನಾನು ಕೇಳಿದ್ದು ಅದೇ ಮೊದಲು.”

ಇಥೆಲನ ಕಿವಿಗಳು ಕೆಂಪಾದವು. ಹೆಂಡತಿ ಇಷ್ಟು ವರ್ಷ ತನ್ನ ಪ್ರಾರ್ಥನೆಯನ್ನು ಹಾಗೆ ಅಳೆದಿದ್ದಳೆಂದು ಅವನಿಗೇನು ಗೊತ್ತು?

ಹೊರಹಾಕಬೇಕು ಅನ್ನುವವರು ಕೈ ಎತ್ತಿ ಅಂದರು ಸಭಾಪಾಲಕರು. ಒಂದು ಕೈಯೂ ಏಳಲಿಲ್ಲ. ಎಲ್ಲರ ಕಣ್ಣೂ ದೊಡ್ಡ ಬೆಂಚಿನ ಮೇಲೆ. ಕ್ಯಾಡ್ವಲನ ಎರಡು ಕೈಗಳೂ ಮೊಣಕಾಲ ಮೇಲೆಯೇ ಇದ್ದವು. ಅವನು ಇಥೆಲನನ್ನೇ ದಿಟ್ಟಿಸುತ್ತಿದ್ದ.

“ನಿಜವಾಗ್ಲೂ ಉತ್ತರ ಇಲ್ವೇನೋ?” ಅಂದ. ಗದರಿಕೆಯ ದನಿಯಲ್ಲ ಅದು. “ಇಲ್ಲಿ ತಂದು ನಿಲ್ಲಿಸಿದ್ರಾದ್ರೂ ಹೇಳ್ತೀಯ ಅಂದ್ಕೊಂಡಿದ್ದೆ. ನಮ್ಮ ಮೊದಲ್ನೇ ಕೂಸಿಗೆ ಜ್ವರ ಬಂದಾಗ ನಾನು ಮಂಡಿಯೂರಿದೋನು ಏಳ್ಲಿಲ್ಲ ಕಣೋ. ಪಕ್ಕದ ಮನೇಲೂ ಅದೇ ಜ್ವರ. ಆ ಮನೆಯೋನು ಕುಡುಕ, ಬೇಡ್ಕೊಳ್ಳೋದಿರ್ಲಿ, ಮನೇಲೇ ಇರ್ಲಿಲ್ಲ. ಅವನ ಕೂಸು ಬದುಕ್ತು.”

ಆ ಮಾತು ಹೆಂಡತಿಯ ಎದುರಿಗೂ ಕ್ಯಾಡ್ವಲನ ಬಾಯಿಂದ ಬಂದಿರಲಿಲ್ಲವೆಂದು ಆಮೇಲೆ ತಿಳಿಯಿತು. ಇಥೆಲ್ ಚಹಾದ ಜೊತೆಗೆ ಆಡಿ ಗೆದ್ದ ಮಾತನ್ನು ಈ ಮನುಷ್ಯ ಎದೆಯಲ್ಲಿಟ್ಟುಕೊಂಡು ಮುದುಕನಾಗಿದ್ದ. ಇಥೆಲ್ ನೆಟ್ಟಗೆ ನಡೆದುಹೋಗಿ, ಹಿರಿಯರಲ್ಲದವರು ಯಾರೂ ಕೂರದ ಆ ಬೆಂಚಿನಲ್ಲಿ, ಕ್ಯಾಡ್ವಲನ ಪಕ್ಕ ಕೂತ. ಯಾರೂ ಬೇಡ ಅನ್ನಲಿಲ್ಲ.

“ಕೂಸಿನ ಹೆಸರೇನು?”

“ಮಾರೆಡ್.”

“ಭಾನುವಾರ ತರಗತಿಗೆ ಬಾ, ಕ್ಯಾಡ್ವಲಣ್ಣ. ಮಾರೆಡಳಿಂದ್ಲೇ ಶುರು ಮಾಡೋಣ.”

ಕ್ಯಾಡ್ವಲ್ ಮೂಗು ಒರೆಸಿಕೊಂಡು, “ಬರ್ತೀನಿ,” ಅಂದ. “ಸುಲಭದ ಉತ್ತರ ಏನಾದ್ರೂ ಹೇಳಿದ್ಯೋ, ಅವತ್ತು ನಿನ್ನ ಆಚೆ ಹಾಕೋಕೆ ಖಂಡಿತ ಕೈ ಎತ್ತುತ್ತೀನಿ.”