ಶುಕ್ರವಾರ ಸಂಜೆ ಆರೂವರೆ

ಬೀದರದ ಆ ಕ್ರೈಸ್ತ ಸಭೆಯಲ್ಲಿ ಮನೆಪ್ರಾರ್ಥನೆಗೆ ಹೊತ್ತು ಬರೆಯುವ ರೂಢಿಯೇ ಇಲ್ಲ. ದಿನ ಹೇಳಿದರೆ ಸಾಕು, ದೀಪ ಹಚ್ಚುವ ಹೊತ್ತಿಗೆ ಜನ ಸೇರುತ್ತಾರೆ. ಸಭೆಗೆ ವೆಬ್‌ಸೈಟ್ ಕಟ್ಟಿಕೊಟ್ಟ ಭಾಲ್ಕಿಯ ಪರ್ಲ ಕೂಡ ತಾರೀಖನ್ನಷ್ಟೇ ತುಂಬುತ್ತಿದ್ದಳು. ಖಾಲಿ ಬಿಟ್ಟ ಜಾಗದಲ್ಲಿ ಕಂಪ್ಯೂಟರ್ ತಾನೇ ‘ರಾತ್ರಿ 12:00’ ಎಂದು ತೋರಿಸುತ್ತಿತ್ತು.

“ನಡುರಾತ್ರ್ಯಾಗ ಪ್ರಾರ್ಥನಾ ಇಟ್ಟೀಯೇನವಾ? ಕಳ್ಳರೂ ಬಂದು ಕೂಡ್ತಾರ ನೋಡು,” ಎಂದು ಔರಾದಿನ ಹೆಲೆನ ಅತ್ತಿ ನಗುತ್ತಿದ್ದಳು. ನರ್ಸ್ ಕೆಲಸ ಮಾಡುತ್ತ ಪರ್ಲಳನ್ನು ಓದಿಸಿದವಳು ಅವಳೇ.

ಒಂದು ದಿನ ಎಲ್ಲ ಮನೆಪ್ರಾರ್ಥನೆಗಳ ಮುಂದೆ ‘ಸಂಜೆ 6:30’ ಎಂದು ಬಂದಿತ್ತು. ಪರ್ಲಳ ಜೊತೆ ಸೈಟ್ ನೋಡಿಕೊಳ್ಳುತ್ತಿದ್ದ ಜಾನ್ಸನ, “ಸೈಟ್ ಹೊಸ ಸರ್ವರಿಗೆ ಹಾಕೀನಕ್ಕಾ. ನಿನ್ನ ನಡುರಾತ್ರಿ ಪೀಡಾ ಹೋತು,” ಎಂದ. ಪರ್ಲ ಖುಷಿಯಿಂದ ಅವನಿಗೆ ಚಹಾ ಕುಡಿಸಿದಳು.

ಆ ಶನಿವಾರ ಹೆಲೆನಳ ಗಂಡ ತೀರಿಕೊಂಡು ವರ್ಷ ತುಂಬಿದ ಪ್ರಾರ್ಥನೆ. ಪುಟದಲ್ಲಿ ಶುಕ್ರವಾರದ ತಾರೀಖು ನೋಡಿದ ಸಭೆಯವರು ಅಂದೇ ಅವಳ ಮನೆಗೆ ಹೋಗಿ, ಬೀಗ ಕಂಡು ಮುನಿಸಿಕೊಂಡು ಮರಳಿದರು. ಹೆಲೆನ ಡ್ಯೂಟಿಯಲ್ಲಿದ್ದಳು. ಮರುದಿನ ಅವಳು ಅಡುಗೆ ಮಾಡಿ, ಜಮಖಾನೆ ಹಾಸಿ ಕಾದಳು. ಬಂದವಳು ಪರ್ಲ ಒಬ್ಬಳೇ.

ರವಿವಾರ ಚರ್ಚಿನ ಅಂಗಳದಲ್ಲಿ ಎಲ್ಲರ ಮುಂದೆ ಜಾನ್ಸನ, “ಪರ್ಲಕ್ಕ ತಾರೀಖು ತಪ್ಪು ತುಂಬ್ಯಾಳ್ರಿ,” ಎಂದ. ಹೆಲೆನ ಪರ್ಲಳತ್ತ ನೋಡಿದಳು. “ನನ್ನ ಮನಿ ಕೆಲಸನೂ ಕಣ್ಣಿಟ್ಟು ಮಾಡ್ಲಿಲ್ಲಲ್ಲವಾ.”

ಪರ್ಲ ಮನೆಗೆ ಹೋಗಿ ಸೆಟ್ಟಿಂಗ್ಸ್ ತೆರೆದಳು. ತಾನು ಬರೆದಿದ್ದ ಭಾರತದ ಸಮಯದ ಸಾಲು ಅಲ್ಲಿರಲಿಲ್ಲ. ಹೊಸ ಸರ್ವರ್ ಐದೂವರೆ ತಾಸು ಹಿಂದಿನ ಹೊರದೇಶದ ಸಮಯ ಹಿಡಿದಿತ್ತು. ಶನಿವಾರ ಹುಟ್ಟುವ ನಡುರಾತ್ರಿ ಅದಕ್ಕೆ ಶುಕ್ರವಾರ ಸಂಜೆ ಆರೂವರೆ. ಪ್ರಾರ್ಥನೆಗೆ ಒಪ್ಪುವ ಹೊತ್ತೇ ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಸಾಲನ್ನು ಮತ್ತೆ ಸೇರಿಸಿದಳು. ತಾರೀಖುಗಳೆಲ್ಲ ತಮ್ಮ ಜಾಗಕ್ಕೆ ಬಂದವು. ಒಂದು ಮಾತ್ರ ದಿನ ಮುಂದೆ ಜಿಗಿಯಿತು: ಮುಂದಿನ ವಾರ ಕಮಲನಗರದಲ್ಲಿ ಜಾನ್ಸನನ ತಾಯಿ ಇಟ್ಟುಕೊಂಡಿದ್ದ ಪ್ರಾರ್ಥನೆ. ಹಿಂದೆ ಸರಿದಿದ್ದ ಅದನ್ನು ಯಾರೋ ಮೊದಲೇ ಕೈಯಿಂದ ಒಂದು ದಿನ ಮುಂದಿಟ್ಟು ತಿದ್ದಿದ್ದರು.

ಫೋನ್ ಮಾಡಿದಳು. “ನಿಮ್ಮವ್ವನ ಮನಿದಷ್ಟ ಯಾಕ ತಿದ್ದಿದಿ?”

“ಅವ್ವ ಕಟಕಟಿ ಮಾಡಿದ್ಳಕ್ಕಾ. ಉಳಿದದ್ದು ಆಮ್ಯಾಲ ನೋಡೋಣಂತ...”

“ಅಂಗಳದಾಗ ನನ್ನ ಹೆಸರು ಹೇಳುವಾಗ ಗೊತ್ತಿತ್ತಲ್ಲಾ?”

ಅವನು ಫೋನ್ ಇಟ್ಟ.

ಪರ್ಲ ಆ ತಾಯಿಯ ತಾರೀಖನ್ನೂ ಸರಿಪಡಿಸಿ, ಔರಾದಿನ ಬಸ್ ಹತ್ತಿದಳು. ಹೆಲೆನ ಎಲ್ಲ ಕೇಳಿಸಿಕೊಂಡಳು. ಶನಿವಾರದ ಜಮಖಾನೆ ಇನ್ನೂ ಹಾಸಿದಂತೆಯೇ ಇತ್ತು.

“ಅವಗ ಗೊತ್ತಿತ್ತೇನು?”

“ಗೊತ್ತಿತ್ತತ್ತಿ.”

“ಅವರವ್ವಂದು ಸರಿ ಮಾಡಿದ್ಯೋ ಇಲ್ಲೋ?”

“ಮಾಡೀನಿ.”

“ಛಲೋ ಆತು. ಅವರ ಪ್ರಾರ್ಥನಾಕ್ಕ ಹೋಗವ್ರು ಹೋಗಲಿ,” ಎಂದು ಹೆಲೆನ ಜಮಖಾನೆಯ ಒಂದು ತುದಿಯನ್ನು ಪರ್ಲಳ ಕೈಗಿತ್ತಳು. “ನಾ ಹೋಗೂದಿಲ್ಲ.”

ಇಬ್ಬರೂ ಸೇರಿ ಅದನ್ನು ಮಡಚಿದರು.