ಮಹಿಬೂಬಸಾಬರ ಬೋರಿಂಗ್ ಸೊಟ್ಟಗಿರಲಿಲ್ಲ

ಮೂರು ವರ್ಷಗಳ ಹಿಂದೆ, ಆಯುಧಗಳನ್ನೂ ವಾಹನಗಳನ್ನೂ ಪೂಜಿಸುವ ಖಂಡೇಪೂಜೆಯ ದಿನ, ಸೇಡಂನ ಒಂದು ಮನೆಯಂಗಳದಲ್ಲಿ ಐವತ್ತು ಅರವತ್ತು ಜನರ ಎದುರಿಗೆ ನನ್ನ ಗೆಳೆಯ ಮಹಿಬೂಬಸಾಬರ ಮೇಲೆ ಅವರು ಮಾಡದ ತಪ್ಪನ್ನು ಹೊರಿಸಲಾಯಿತು. ಹೊರಿಸಿದವರು ಆ ಮನೆಯ ಯಜಮಾನರಾದ ವಕೀಲರು. ಆ ಮಾತು ಸುಳ್ಳೆಂಬುದು ಮುಂದೆ ಅವರ ಕಣ್ಣೆದುರೇ ಸಿದ್ಧವಾಯಿತು. ಅಷ್ಟರಲ್ಲಿ, ಅದನ್ನು ಕೇಳಬೇಕಾಗಿದ್ದವರು ತೀರಿಕೊಂಡಿದ್ದರು.

ನಾನು ವಾಡಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಇಂಜಿನ್ ಫಿಟ್ಟರ್ ಆಗಿದ್ದವನು. ನಿವೃತ್ತಿಯ ನಂತರ ಶಹಾಬಾದದಲ್ಲಿ ಸಣ್ಣ ಶೆಡ್ಡು ಹಾಕಿಕೊಂಡೆ. ಅದೇ ಓಣಿಯಲ್ಲಿ ಮಹಿಬೂಬಸಾಬರ ಲೇಥ್ ಅಂಗಡಿ. ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ಮತ್ತೆ ದುಂಡಗೆ, ನೆಟ್ಟಗೆ ಮಾಡುವ ಬೋರಿಂಗ್ ಕೆಲಸಕ್ಕೆ ಚಿತ್ತಾಪುರ, ಚಿಂಚೋಳಿಗಳಿಂದಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ವಕೀಲರಿಗೆ ಹೈದರಾಬಾದಿನ ಮಾವನ ಕಡೆಯಿಂದ ಒಂದು ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರು ಬಂದಿತ್ತು. ಎರಡೇ ಆಸನ, ಮಡಚುವ ಕ್ಯಾನ್ವಾಸಿನ ಮೇಲ್ಹೊದಿಕೆ, ಎರಡು ಕಾರ್ಬ್ಯುರೇಟರಿನ ನಾಲ್ಕು ಸಿಲಿಂಡರಿನ ಇಂಜಿನ್. ವರ್ಷಗಟ್ಟಲೆ ನಿಂತಲ್ಲೇ ನಿಂತು ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು. ಅದನ್ನು ಮತ್ತೆ ಓಡುವಂತೆ ಮಾಡಿಕೊಡಬೇಕೆಂದು ಅವರೇ ನಮ್ಮ ಶೆಡ್ಡಿಗೆ ಬಂದು ಕೇಳಿದರು.

ಐದು ತಿಂಗಳು ಹಿಡಿಯಿತು. ಸ್ವಲ್ಪ ದಪ್ಪದ ಹೊಸ ಪಿಸ್ಟನ್ನುಗಳು ಮುಂಬೈಯಿಂದ ಬಂದವು. ಮಹಿಬೂಬಸಾಬರು ಅವನ್ನೂ ಇಂಜಿನ್ ಬ್ಲಾಕನ್ನೂ ಎರಡು ದಿನ ಒಂದೇ ಕೋಣೆಯಲ್ಲಿಟ್ಟರು. ಅಳತೆಯನ್ನು ಬೆಳಗಿನ ತಂಪಿನಲ್ಲಿ ಮಾತ್ರ ತೆಗೆಯುತ್ತಿದ್ದರು. ಹೊತ್ತೇರಿದರೆ ಗೇಜು ಮುಟ್ಟುತ್ತಿರಲಿಲ್ಲ. ಅವಸರ ಮಾಡಲು ಬಂದ ವಕೀಲರಿಗೆ ಅವರು ಹೇಳಿದ್ದು ಇಷ್ಟೆ: “ನಮ್ಮ ಶಹಾಬಾದದ ಬಿಸಿಲಾಗ ಕಬ್ಬಿಣನೂ ಸುಳ್ಳು ಹೇಳ್ತದರಿ, ಸಾಹೇಬ್ರ. ನಾಳಿ ಮುಂಜಾನಿ ಕೇಳೋಣು.” ದಿನಕ್ಕೊಂದರಂತೆ ನಾಲ್ಕು ಸಿಲಿಂಡರ್ ಮುಗಿಸಿ, ಪ್ರತಿಯೊಂದರ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ನನಗೆ ಕೊಟ್ಟರು.

ಜೋಡಣೆ ನನ್ನದು. ಇಂಜಿನ್ ಹತ್ತಿದ ಮೇಲೆ ರಬ್ಬರ್ ನಳಿಕೆಯ ಒಂದು ತುದಿಯನ್ನು ಕಾರ್ಬ್ಯುರೇಟರಿನ ಬಾಯಿಗೂ ಇನ್ನೊಂದನ್ನು ಕಿವಿಗೂ ಹಿಡಿದು, ಎರಡೂ ಒಂದೇ ಸಮ ಗಾಳಿ ಎಳೆಯುವ ತನಕ ಸ್ಕ್ರೂ ತಿರುಗಿಸುತ್ತ ಮೂರು ದಿನ ಕುಳಿತೆ. ಕೊನೆಗೆ ಎರಡರ ಸದ್ದೂ ಒಂದಾಯಿತು. ಮಹಿಬೂಬಸಾಬರು ಸೈಲೆನ್ಸರಿನ ಹಿಂದೆ ಬಿಳಿ ಬಟ್ಟೆ ಹಿಡಿದು ನೋಡಿ, ಕಲೆಯಿಲ್ಲದ ಆ ಬಟ್ಟೆಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡರು.

ಒಂದು ಮಾತನ್ನು ನಾನು ವಕೀಲರಿಗೆ ಎರಡು ಸಲ ಹೇಳಿದೆ. ಕೋಡ್ಲಾದ ಕಡೆಯ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಧೂಳು ಎಂಥದೆಂದು ನಮಗೆಲ್ಲ ಗೊತ್ತು. ಆ ಕಾರಿನ ಮೂಲ ಗಾಳಿಜಾಲಿ ನಮ್ಮ ಧೂಳಿಗೆ ಸಾಲದೆಂದು, ಟ್ರ್ಯಾಕ್ಟರಿನ ಏರ್ ಫಿಲ್ಟರ್ ಕೂಡುವ ತಗಡಿನ ಡಬ್ಬಿಯೊಂದನ್ನು ನಾನೇ ಮಾಡಿ ಕೂರಿಸಿದ್ದೆ. ಅದಿಲ್ಲದೆ ಕಾರನ್ನು ಅಂಗಳದಿಂದ ಹೊರಗೆ ತೆಗೆಯಬಾರದೆಂದೆ. ಅವರು ನಕ್ಕು, “ಇಂಥಾ ಗಾಡಿಗಿ ಹಾಲಿನ ಡಬ್ಬಿ ಕಟ್ಟಿದಂಗ ಕಾಣ್ತದಲ್ರಿ ಮಿಸ್ತ್ರಿ” ಎಂದರು. ಒಪ್ಪಿದರೆಂದು ನಾನು ತಿಳಿದುಕೊಂಡೆ.

ಕಾರು ಒಯ್ದ ಎಂಟು ತಿಂಗಳಿಗೆ ಇಂಜಿನ್ ಎಣ್ಣೆ ಸುಟ್ಟು ನೀಲಿ ಹೊಗೆ ಉಗುಳತೊಡಗಿತು. ನಮಗೆ ಯಾರೂ ತಿಳಿಸಲಿಲ್ಲ. ಖಂಡೇಪೂಜೆಗೆ ಕರೆ ಬಂದಾಗ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ರೈಲಿನಲ್ಲಿ ಹೋದೆವು. ಪೂಜೆಯಾಗಿ ಕಾರು ಚಾಲೂ ಮಾಡಿದೊಡನೆ ಅಂಗಳದ ತುಂಬ ಹೊಗೆ. ನೆರೆದವರಲ್ಲಿ ಯಾರೋ ಗೇಲಿ ಮಾಡಿದರು. ವಕೀಲರು ಮಹಿಬೂಬಸಾಬರ ಕಡೆ ಕೈ ಮಾಡಿ, “ಸಾಬರಿಗಿ ವಯಸ್ಸಾತು. ಕಣ್ಣು ಮಂಜಾಗ್ಯಾವ. ಬೋರ್ ಸೊಟ್ಟ ಹೊಡದಾರ, ನಾ ತಿಳೀದ ಕೊಟ್ಟೆ” ಎಂದರು. ಜನ ನಕ್ಕರು.

ಮಹಿಬೂಬಸಾಬರು ಕೈಯಲ್ಲಿದ್ದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, “ಬಿಚ್ಚಿ ನೋಡೀರೇನ್ರಿ, ಸಾಹೇಬ್ರ?” ಎಂದಷ್ಟೇ ಕೇಳಿದರು.

“ಹೊಗಿ ಕಣ್ಣಿಗಿ ಕಾಣ್ಲಿಕತ್ತದಲ್ಲ, ಬಿಚ್ಚೂದೇನದ?”

ಮರಳುವಾಗ ರೈಲು ಚಿತ್ತಾಪುರ ಬಿಟ್ಟ ಮೇಲೆ ಮಹಿಬೂಬಸಾಬರು ನನ್ನ ಕಡೆ ತಿರುಗಿ, “ಶರಣಪ್ಪ, ಖರೇ ಹೇಳು. ನನ್ನ ಕಣ್ಣಾಗ ಏನರ ಫರಕ್ ಬಂದದೇನು?” ಎಂದರು. ಇಲ್ಲವೆಂದೆ. ಆದರೆ ಹೇಳುವ ಮುನ್ನ ಒಂದು ಗಳಿಗೆ ತಡೆದೆ. ಏಕೆಂದರೆ ಆ ಗಳಿಗೆಯಲ್ಲಿ ನನಗೂ ಸಂಶಯ ಬಂದಿತ್ತು. ಅದು ಅವರಿಗೆ ತಿಳಿಯಿತು. ಇತರರ ಅಪರಾಧಗಳನ್ನು ನೆನಪಿಟ್ಟುಕೊಂಡಷ್ಟೇ ಸ್ಪಷ್ಟವಾಗಿ ಇದನ್ನೂ ನೆನಪಿಟ್ಟುಕೊಂಡಿದ್ದೇನೆ.

ಅಂದಿನಿಂದ ಅವರು ಬೋರಿಂಗ್ ಮುಟ್ಟಲಿಲ್ಲ. ಬಂದ ಗಿರಾಕಿಗಳನ್ನು ಕಲಬುರಗಿಗೆ ಕಳಿಸಿದರು. ಗೇಟಿನ ಕೀಲು, ಗಿರಣಿಯ ಪುಲ್ಲಿ ಇಂಥವನ್ನಷ್ಟೇ ಮಾಡುತ್ತಿದ್ದರು. ಒಂದೊಂದನ್ನೂ ಮೂರು ಸಲ ಅಳೆದು, ಸಾಲದೆ ನನ್ನನ್ನು ಕರೆದು ಮತ್ತೆ ಅಳೆಸುತ್ತಿದ್ದರು. ಇಂಜಿನ್ ಬಿಚ್ಚಲು ಅನುಮತಿ ಕೊಡಿರೆಂದು ನಾನು ಮೂರು ಬಾರಿ ಸೇಡಂಗೆ ವಕೀಲರ ಮನೆಗೆ ಹೋದೆ. ಒಮ್ಮೆ ಕಕ್ಷಿದಾರರಿದ್ದರು, ಒಮ್ಮೆ ಊಟಕ್ಕೆ ಕುಳಿತಿದ್ದರು, ಒಮ್ಮೆ ಬಾಗಿಲಲ್ಲೇ ಬೇಡವೆಂದರು. ಹೋದ ವರ್ಷ ರಂಜಾನ್ ಮುಗಿದ ವಾರ ಮಹಿಬೂಬಸಾಬರು ತೀರಿಹೋದರು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆದ ಮೇಲೆ ಕಾರು ಲಾರಿಯ ಮೇಲೆ ಕುಳಿತು ನನ್ನ ಶೆಡ್ಡಿಗೇ ಬಂತು, ಜೊತೆಗೆ ವಕೀಲರೂ ಬಂದರು. ಬೇರೆ ಯಾರೂ ಕೈಹಚ್ಚಲು ಒಪ್ಪಿರಲಿಲ್ಲ. ಮುಚ್ಚಳ ಎತ್ತಿದೆ. ನನ್ನ ಫಿಲ್ಟರ್ ಇರಲಿಲ್ಲ. ಅದರ ಜಾಗದಲ್ಲಿ ತುತ್ತೂರಿಯಾಕಾರದ ಹೊಳೆಯುವ ಎರಡು ಗಾಳಿಕೊಳವೆ, ಬಾಯಿಗೆ ಬೆರಳು ತೂರುವಷ್ಟು ಅಗಲ ಕಣ್ಣಿನ ಜಾಲರಿ. ಕಾರು ಒಯ್ದ ವಾರವೇ ಫೋಟೋ ತೆಗೆಸಲಿಕ್ಕೆ ಬದಲಿಸಿದ್ದೆವೆಂದು ವಕೀಲರು ತಾವಾಗಿಯೇ ಹೇಳಿದರು.

ಅವರನ್ನು ಸ್ಟೂಲಿನ ಮೇಲೆ ಕೂರಿಸಿಯೇ ಇಂಜಿನ್ ಬಿಚ್ಚಿದೆ. ತಳದ ಎಣ್ಣೆಯಲ್ಲಿ ಬೂದುಬಣ್ಣದ ನುಣ್ಣನೆಯ ರಾಡಿ, ಸಿಮೆಂಟ್ ಧೂಳಿನದೇ. ಬೋರಿಂಗ್ ಸೊಟ್ಟಗಿದ್ದರೆ ಪಿಸ್ಟನ್ ಒಂದು ಬದಿಗೆ ಮೇಲೆಯೂ ಎದುರು ಬದಿಗೆ ಕೆಳಗೆಯೂ ಉಜ್ಜಿರಬೇಕು. ಹಾಗೆ ಉಜ್ಜಿರಲಿಲ್ಲ. ನಾಲ್ಕೂ ಸಿಲಿಂಡರಿನ ಮೇಲ್ಭಾಗ ಧೂಳು ಉಜ್ಜಿದಂತೆ ಸುತ್ತಲೂ ಒಂದೇ ಸಮನಾಗಿ ಸವೆದಿತ್ತು. ಪಿಸ್ಟನ್ನಿನ ರಿಂಗು ಮುಟ್ಟದ, ಹಾಗಾಗಿ ಸವೆಯದ ತಳದ ಅಂಚಿನಲ್ಲಿ ಗೇಜು ಇಟ್ಟು, ಮಹಿಬೂಬಸಾಬರು ಬರೆದಿದ್ದ ಚೀಟಿಯನ್ನು ಅವರ ಕೈಗೆ ಕೊಟ್ಟು, “ನೀವೇ ಓದಿ ನೋಡ್ರಿ” ಎಂದೆ. ನಾಲ್ಕನ್ನೂ ಓದಿದರು. ನಾಲ್ಕೂ ಚೀಟಿಯಲ್ಲಿದ್ದಂತೆಯೇ ಇದ್ದವು.

ಅವರು ಚೀಟಿಯನ್ನು ನನಗೆ ಮರಳಿಸಿ, “ಹೋಗ್ಲಿ ಬಿಡ್ರಿ ಮಿಸ್ತ್ರಿ. ಈಗ ಅವರೂ ಇಲ್ಲ” ಎಂದರು.

ಆ ಮಾತಿಗೆ ಇಂಜಿನ್ನನ್ನು ಹಾಗೆಯೇ ಲಾರಿಗೆ ಹಾಕಿ ಕಳಿಸಬಹುದಿತ್ತು. ಕಳಿಸಲಿಲ್ಲ. ನೀವು ಮಹಿಬೂಬಸಾಬರ ಹೆಂಡತಿ ಹಾಜ್ರಾಬಿಯವರ ಎದುರಿಗೆ ನಿಂತು, ಕೆಲಸ ಸರಿಯಾಗಿತ್ತು, ತಪ್ಪು ನನ್ನದು ಎಂದು ಹೇಳಬೇಕು. ಅದೊಂದೇ ಷರತ್ತು ಎಂದೆ. ಒಪ್ಪಿದರು. ಅವತ್ತೇ ಆಗಲಿ ಎಂದರೆ ಕೋರ್ಟಿನ ಸಮಯವಾಯಿತೆಂದರು. ಸವೆದ ಸಿಲಿಂಡರುಗಳ ಒಳಗೆ ಹೊಸ ಲೈನರ್ ಕೊಳವೆಗಳನ್ನು ಹಾಕಿಸಿ, ಮತ್ತೆ ಮೂರು ದಿನ ನಳಿಕೆಗೆ ಕಿವಿಗೊಟ್ಟು ಕುಳಿತು ಶ್ರುತಿಗೂಡಿಸಿ ಕೊಟ್ಟೆ.

ವರ್ಷ ದಾಟಿತು. ಹಾಜ್ರಾಬಿಯವರ ಮನೆಗೆ ಯಾರೂ ಬಂದಿಲ್ಲ. ಗಂಡನಿಗೆ ಕೊನೆಗೆ ಕಣ್ಣು ಮಂಜಾಗಿ ಕೆಲಸ ಕೆಟ್ಟಿತ್ತೆಂದು ಆಕೆ ಇಂದಿಗೂ ನಂಬಿದ್ದಾರೆ. ಹಾಗಲ್ಲವೆಂದು ನಾನು ಹೇಳಿದರೆ, “ನೀವು ದೋಸ್ತರು, ಹಂಗೇ ಅಂತೀರಿ” ಎನ್ನುತ್ತಾರೆ.

ವಕೀಲರೇ, ನಿಮ್ಮ ಕಾರು ಈಗ ಹೊಗೆಯಿಲ್ಲದೆ ಕಾಳಗಿಯವರೆಗೂ ಹೋಗಿಬರುತ್ತದೆಂದು ಕೇಳಿದ್ದೇನೆ. ಶಹಾಬಾದಕ್ಕೆ ಬರಲು ಅದಕ್ಕೆ ಇನ್ನೇನು ರಿಪೇರಿ ಬಾಕಿಯಿದೆ?